ರಾಮಲಕ್ಷ್ಮಮ್ಮನ ಕೂಲಿಂಗ್ ಗ್ಲಾಸು

ಹಸಿರು — ಬೀದಿಯೆಲ್ಲ ಹಸಿರು, ಎದುರಿನ ಗಾಡಿಯ ಮೇಲಿನ ಕಿತ್ತಳೆಹಣ್ಣೂ ಹಸಿರು, ಹಣ್ಣು ಮಾರುವವನ ಬಿಳಿ ಟೋಪಿಯೂ ಹಸಿರು, ಹಲಸೂರು ಕೆರೆಯಲ್ಲಿ ಮುಳುಗಿ ಕಣ್ಣು ಬಿಟ್ಟರೆ ಹೀಗೇ ಕಾಣಬಹುದೇನೋ ಅಂದುಕೊಂಡಳು ರಾಮಲಕ್ಷ್ಮಮ್ಮ, ಕನ್ನಡಕವನ್ನು ಅವಳು ಹಾಕಿಕೊಂಡಿರಲಿಲ್ಲ, ಎರಡು ಬೆರಳಲ್ಲಿ ಹಿಡಿದು ಮುಖದಿಂದ ಗೇಣು ದೂರದಲ್ಲಿಟ್ಟು ಅದರೊಳಗಿಂದ ಹಣಕುತ್ತಿದ್ದಳು, ಅಂಗಡಿಗೆ ಕಾಲಿಡುತ್ತಲೇ ಯಾರ್ಗಮ್ಮಾ ಕೂಲಿಂಗ್ ಗ್ಲಾಸು ಅಂತ ಅಂಗಡಿಯವನು ಕೇಳಿದಾಗ ಮಗನಿಗೆ ಅಂದುಬಿಟ್ಟದ್ದಾಯಿತು, ಇನ್ನು ತನ್ನ ಮುಖಕ್ಕೆ ಏರಿಸುವುದು ಹೇಗೆ, ಐವತ್ತೊಂದು ವರ್ಷದ ಹೆಂಗಸು, ಹಣೆ ತುಂಬ ಕುಂಕುಮ, ಎರಡು ಕೈಗೂ ಡಜನ್ ಬಳೆ, ಸೈಕಲ್ ತುಳಿಯುವುದಕ್ಕೆ ಅಂತ ಹೇಳಿದರೆ ನಗುವುದಿಲ್ಲವೆ ಈ ವಾಜಿದ್, ವಾಜಿದ್ ಅಂತಲೇ ಇರಬೇಕು ಹೆಸರು, ಮೂಲೆಯ ಕುರ್ಚಿಯಲ್ಲಿ ಕುಳಿತು ಕನ್ನಡಕ ಒರೆಸುವ ಬಟ್ಟೆಗಳನ್ನು ಕತ್ತರಿಸುತ್ತಿರುವ ಅವನ ತಾಯಿ ಆಗಲೇ ಎರಡು ಸಲ ಹಾಗೆ ಕೂಗಿದರು, ಆಕೆಯ ಹೆಸರನ್ನೇ ಅಂಗಡಿಗೂ ಇಟ್ಟಿದ್ದಾನಂತೆ, ಶರ್ಫುನ್ನೀಸಾ ಆಪ್ಟಿಕಲ್ಸ್, ಬೋರ್ಡಿನ ಮೇಲೆ ಮೂರು ಭಾಷೆಯಲ್ಲಿ ಬರೆಸಿದ್ದಾನೆ, ತಾಯಿಯ ಹೆಸರಿಡುವ ಮಗ ನಗಲಾರ — ಆದರೂ. ಅಂಗಡಿಯೊಳಗೆ ತಂಪು, ಹೊರಗೆ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಗದ್ದಲ, ಕೊತ್ತಂಬರಿಯದೂ ಮೀನಿನದೂ ಒಟ್ಟಿಗೆ ಬರುವ ವಾಸನೆ, ಅದು ಮಾತ್ರ ಬದಲಾಗಿಲ್ಲ, ಬಾಗಿಲ ಪಕ್ಕದ ಗೋಡೆಗೆ ಒರಗಿಸಿ ಬೀಗ ಹಾಕಿರುವ ನೇರಳೆ ಬಣ್ಣದ ಲೇಡೀಸ್ ಸೈಕಲ್ಲು ಇಲ್ಲಿಂದ ಕಾಣುತ್ತಿದೆ, ಸದ್ಯ, ಯಾರೂ ಮುಟ್ಟಿಲ್ಲ.

ಮೊಮ್ಮಗಳು ನಿಖಿತಾಳದು ಅದು, ಅವಳು ಉದ್ದ ಬೆಳೆದು ಬಿಟ್ಟ ಮೇಲೆ ಮಹಡಿ ಮೆಟ್ಟಿಲ ಕೆಳಗೆ ಎರಡು ವರ್ಷ ಧೂಳು ಹಿಡಿದು ನಿಂತಿತ್ತು, ಅಜ್ಜಿಗೆ ಯಾರೂ ಕೊಟ್ಟದ್ದಲ್ಲ, ಅಜ್ಜಿಯೇ ಒಂದು ಬೆಳಗ್ಗೆ ಒದ್ದೆ ಬಟ್ಟೆ ತೆಗೆದುಕೊಂಡು ಒರೆಸಿದಳು, ಸುಮ್ಮನೆ ಒರೆಸಿದಳು, ಒರೆಸುತ್ತ ಒರೆಸುತ್ತ ಬೆಲ್ಲು ಕೈಗೆ ಸಿಕ್ಕಿ ಟ್ರಿಣ್ ಅಂದಿತು, ಅಷ್ಟೇ — ಆ ಸದ್ದಿಗೆ ತಾಯಿ ವೆಂಕಟಮ್ಮ ಎದುರು ಬಂದು ನಿಂತಳು, ತಲೆಯ ಮೇಲೆ ಸೊಪ್ಪಿನ ಮಂಕರಿ, ಬಾಣಸವಾಡಿಯಿಂದ ಈ ಮಾರ್ಕೆಟ್ಟಿಗೆ ಮುಂಜಾವದ ಮಂಜಿನಲ್ಲಿ ತಾಯಿ ಮಗಳು ನಡೆಯುತ್ತಿದ್ದಾರೆ, ಮಗಳಿಗೆ ಹನ್ನೊಂದು ವರ್ಷ, ಅವಳ ತಲೆಯ ಮೇಲೂ ಒಂದು ಸಣ್ಣ ಮಂಕರಿ, ದಂಟಿನ ಸೊಪ್ಪಿನ ನೀರು ಕತ್ತಿಗೆ ಇಳಿಯುತ್ತಿದೆ, ಹಿಂದಿನಿಂದ ಟ್ರಿಣ್ ಟ್ರಿಣ್ ಅಂತ ಊರಿನ ಗಂಡಸರ ಸೈಕಲ್ಲುಗಳು ಬರುತ್ತವೆ, ಹಿಂದೆ ಎರಡೆರಡು ಮಂಕರಿ ಕಟ್ಟಿಕೊಂಡು, ದಾರಿ ದಾರಿ ಅನ್ನುತ್ತಾರೆ, ಇವರು ಪಕ್ಕಕ್ಕೆ ಸರಿಯುತ್ತಾರೆ, ಮಂಕರಿ ಹಿಡಿದ ಕೈ ಬಿಡುವ ಹಾಗಿಲ್ಲ, ಧೂಳು ಬಂದರೆ ಕಣ್ಣು ಮುಚ್ಚಿಕೊಳ್ಳಬೇಕು ಅಷ್ಟೆ, ಅಮ್ಮಾ ನಾನೂ ಸೈಕಲ್ ಕಲೀತೀನಿ ಅಂದರೆ ವೆಂಕಟಮ್ಮ ತಿರುಗಿಯೂ ನೋಡದೆ ದೇವ್ರು ಕಾಲು ಕೊಟ್ಟವ್ನೆ ನಡಿಯೇ ಅಂದಳು, ಆ ಮಾತು ಅಲ್ಲಿಗೇ ಮುಗಿಯಿತು, ಆಮೇಲೆ ಮದುವೆ, ಶ್ರೀನಿವಾಸ ಹುಟ್ಟಿದ, ಸೊಪ್ಪಿನ ಹೊಲ ಸೈಟುಗಳಾಯಿತು, ಕಮ್ಮನಹಳ್ಳಿ ಕಡೆಯವರೆಗೂ ಮನೆ ಮನೆ ಮನೆ, ತಮ್ಮದೂ ಮೂರು ಅಂತಸ್ತು, ಹಿಂದೆ ಸಾಲಾಗಿ ಆರು ಬಾಡಿಗೆ ಕೋಣೆ, ಕೊರತೆ ಅಂತ ಏನೂ ಇರಲಿಲ್ಲ, ನಿಜವಾಗಿ ಇರಲಿಲ್ಲ, ಬೆಳಗ್ಗೆ ಎದ್ದರೆ ಹೋಗಲಿಕ್ಕೆ ಎಲ್ಲಿಗೂ ಇರಲಿಲ್ಲ ಅಷ್ಟೆ.

ಕಲಿಸಿದವಳು ಭೀಮಬಾಯಿ. ಮೂರನೇ ಕೋಣೆಯ ಬಾಡಿಗೆಯವಳು, ಲಿಂಗಸುಗೂರು ಕಡೆಯ ಹೆಣ್ಣು, ಕಟ್ಟಡದ ಕೆಲಸಕ್ಕೆ ಗಂಡಸರ ಸೈಕಲ್ಲನ್ನೇ ಸೀರೆಯ ನಿರಿಗೆ ಎತ್ತಿ ಕಟ್ಟಿ ತುಳಿದುಕೊಂಡು ಹೋಗುವವಳು, ನನಗೂ ಹೇಳ್ಕೊಡ್ತೀಯೇನೇ ಅಂತ ಇವಳು ನಾಚಿಕೆಯಿಂದ ಕೇಳಿದಾಗ ಅಯ್ಯ ಅದೇನ್ ದೊಡ್ಡ ಮಾತ್ರಿ ಅಮ್ಮಾರ, ಬರ್ರಿ ಅಂದವಳು, ಗಂಡನೂ ಮಗನೂ ಏಳುವ ಮೊದಲು ಖಾಲಿ ಸೈಟಿನಲ್ಲಿ ಹದಿನೆಂಟು ಬೆಳಗ್ಗೆ, ಸೀಟಿನ ಹಿಂದೆ ಅವಳ ಗಟ್ಟಿ ಕೈ, ಕೆಳಗ್ ನೋಡಬ್ಯಾಡ್ರಿ ಅಮ್ಮಾರ, ಗಾಲಿ ಎಲ್ಲಿಗೂ ಓಡಿಹೋಗಂಗಿಲ್ಲ, ಮುಂದ್ ನೋಡ್ರಿ, ಮುಂದ್ — ಹತ್ತೊಂಬತ್ತನೆಯ ಬೆಳಗ್ಗೆ ಮಾತು ಹಿಂದೆ ಎಲ್ಲೋ ದೂರದಿಂದ ಬರುತ್ತಿದೆ ಅನ್ನಿಸಿ, ಅಯ್ಯೋ ಕೈ ಬಿಟ್ಟುಬಿಟ್ಟಿದ್ದಾಳೆ ಅಂತ ತಿಳಿದು, ತಿಳಿದರೂ ಬೀಳದೆ, ಹುಣಸೇಮರದವರೆಗೆ ಹೋಗಿ, ತಿರುಗಿಸಲು ಬಾರದೆ ಮರವನ್ನೇ ತಬ್ಬಿ ನಿಂತು ನಕ್ಕಿದ್ದಳು, ಹೊಟ್ಟೆ ಹಿಡಿದು ನಕ್ಕಿದ್ದಳು, ಅಷ್ಟು ನಕ್ಕು ಎಷ್ಟು ವರ್ಷವಾಗಿತ್ತೋ. ಆಮೇಲೆ ದಿನಾ ಒಂದು ಸುತ್ತು, ಹಾಲು ತರುವುದು ಅವಳೇ, ದೇವಸ್ಥಾನಕ್ಕೆ ಹೂವು ಅವಳೇ, ಗಂಡ ದೊಡ್ಡಮುನಿಯಪ್ಪನಿಗೆ ಗೊತ್ತಾದಾಗ ಮೂರು ದಿನ ಮಾತು ಬಿಟ್ಟರು, ನಾಲ್ಕನೆಯ ದಿನ ಬ್ರೇಕು ಸಡಿಲ ಇದೆ ಬಿಗಿ ಮಾಡಿಸ್ಕೋ ಅಂದರು, ಅಲ್ಲಿಗೆ ಒಪ್ಪಿದ ಹಾಗೆ.

ಕಣ್ಣೇ ಕೈಕೊಟ್ಟದ್ದು. ಬಲಗಣ್ಣಿಗೆ ಪೊರೆ ಬಂದು ಹೋದ ವರ್ಷ ಆಪರೇಷನ್ ಆಯಿತು, ಆವತ್ತು ಬಿಚ್ಚಿಸಿದ ಬಳೆಗಳನ್ನು ಯಜಮಾನರು ಎರಡೂ ಕೈಯಲ್ಲಿ ಹಿಡಿದು ಬೆಂಚಿನ ಮೇಲೆ ಅಲುಗದೆ ಕೂತಿದ್ದರಂತೆ, ನರ್ಸು ಆಮೇಲೆ ಹೇಳಿದಳು, ಕಾಫಿ ಕುಡೀರಿ ಅಂದ್ರೂ ಏಳಲಿಲ್ಲಮ್ಮ ನಿಮ್ಮನೆಯವ್ರು. ಹೊಸ ಕಣ್ಣಿಗೆ ಎಲ್ಲ ಚೆನ್ನಾಗಿ ಕಂಡಿತು, ಬಿಸಿಲು ಮಾತ್ರ ಚುಚ್ಚುತ್ತದೆ, ಗಾಳಿ ಬಿದ್ದರೆ ನೀರು, ಆದರೂ ತುಳಿದಳು, ಹದಿನೈದು ದಿನದ ಹಿಂದೆ ಸಂಜೆ ಇಳಿಬಿಸಿಲು ಎದುರಿಗೆ, ಎಡಗಣ್ಣಿಗೆ ಒಂದು ಹುಳ ಬಂದು ಹೊಡೆಯಿತು, ಎರಡೂ ಕಣ್ಣು ಮುಚ್ಚಿಹೋಗಿ ಸೈಕಲ್ ಸಮೇತ ಜಲ್ಲಿ ರಾಶಿಗೆ, ಮೊಣಕೈ ತರಚಿಹೋಯಿತು, ಯಜಮಾನರು ತಾವೇ ಡೆಟಾಲ್ ಹಚ್ಚುತ್ತ ಬೈದರು, ಹಚ್ಚುವ ಕೈ ಮೆತ್ತಗೆ, ಬಾಯಿ ಜೋರು, ಆ ಕಡೆ ಲಾರಿ ಬಂದಿದ್ರೆ, ಹಾಂ, ಬಂದಿದ್ರೆ ಏನ್ ಗತಿ, ಗುಜರಿ ಕರೀಂಗೆ ಹೇಳ್ತೀನಿ, ಬಂದು ಹೊತ್ಕೊಂಡು ಹೋಗ್ಲಿ ಇದನ್ನ. ಹೇಳಿಯೂ ಹೇಳಿದರು, ನಾಳೆ ಭಾನುವಾರ ಬರುತ್ತಾನೆ ಕರೀಂ. ಬಿದ್ದ ಮಾರನೆಯ ದಿನ ಕಣ್ಣು ತೋರಿಸಲು ಹೋದಾಗ ಡಾಕ್ಟರು ಹೇಳಿದ್ದನ್ನು ಅವರು ಕೇಳಿಸಿಕೊಂಡಿರಲಿಲ್ಲ, ಆಗ ಹೊರಗೆ ಸ್ಕೂಟರು ನಿಲ್ಲಿಸಲು ಹೋಗಿದ್ದರು, ಸೈಕಲ್ ಬಿಡಿ ಅಂತ ನಾನು ಹೇಳಲ್ಲಮ್ಮ, ಗಾಳಿ ಬಿಸಿಲು ಒಳಗೆ ನುಗ್ಗದ ಹಾಗೆ ಒಳ್ಳೇ ಗ್ಲಾಸ್ ಹಾಕ್ಕೊಂಡು ಓಡ್ಸಿ, ಅಂದಿದ್ದರು, ಅದನ್ನು ಎಷ್ಟು ಸಲ ಹೇಳಿದರೂ ಯಜಮಾನರದು ಒಂದೇ, ಗ್ಲಾಸು ಹುಳಾನ ತಡಿಯುತ್ತೆ, ಲಾರೀನ ತಡಿಯುತ್ತಾ. ಅದಕ್ಕೇ ಇವತ್ತು ಅವರು ಕೆ.ಆರ್. ಪುರದ ತಾಲ್ಲೂಕು ಕಚೇರಿಗೆ ಅಂತ ಹೊರಟ ಕೂಡಲೇ ಇವಳೂ ಹೊರಟದ್ದು, ಇಷ್ಟು ದೂರ ಎಂದೂ ತುಳಿದದ್ದಿಲ್ಲ, ಕಮ್ಮನಹಳ್ಳಿ ಮೇನ್ ರೋಡು, ಲಿಂಗರಾಜಪುರ, ಕಾಕ್ಸ್ ಟೌನಿಗೆ ಬರುವಷ್ಟರಲ್ಲಿ ಬಲಗಣ್ಣಲ್ಲಿ ಧಾರೆ, ಸೆರಗಿನಿಂದ ಒರೆಸಲು ನಾಲ್ಕು ಕಡೆ ಇಳಿದಳು, ಹನ್ನೊಂದು ವರ್ಷದವಳು ನಡೆದ ದಾರಿ ಇದೇನಾ, ಗುರುತೇ ಸಿಗಲಿಲ್ಲ, ಮಾರ್ಕೆಟ್ಟಿನ ಕಲ್ಲಿನ ಗೋಪುರ ಕಂಡ ಮೇಲೆ ಸಿಕ್ಕಿತು.

ಮಗನ ಮುಖ ಹೆಂಗಿದೆ ಅಮ್ಮಾ, ಉದ್ದಾನಾ ಗುಂಡಾನಾ, ವಾಜಿದ್ ಕೇಳುತ್ತಿದ್ದಾನೆ, ಇದು ಇವಳಿಗೆ ಹೊಳೆದೇ ಇರಲಿಲ್ಲ, ಕನ್ನಡಕಕ್ಕೂ ಮುಖಕ್ಕೂ ಅಳತೆ ಇರುತ್ತದೆ ಅಂತ, ನನ್ ಥರಾನೇ ಅಂದಳು, ಮೂಗು, ಮೂಗೂ ನನ್ದೇ, ಕಿವಿ, ಕಿವೀನೂ, ಅವನು ಗಂಭೀರವಾಗಿ ತಲೆಯಾಡಿಸಿ ಇನ್ನೊಂದು ಡಬ್ಬಿ ತೆಗೆದು, ನಗದೆ, ಒಂಚೂರೂ ನಗದೆ ಕೇಳಿದ, ಮಗ ಮೂಗುಬೊಟ್ಟು ಹಾಕ್ತಾರಾ ಅಮ್ಮಾ, ಯಾಕಂದ್ರೆ ಈ ಫ್ರೇಮು ಮೂಗುಬೊಟ್ಟಿಗೆ ತಗಲತ್ತೆ. ಮೂಲೆಯಲ್ಲಿ ಕತ್ತರಿ ನಿಂತಿತು, ಶರ್ಫುನ್ನೀಸಾ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು, ಭುಜ ಕುಣಿಯುತ್ತಿತ್ತು, ಅಮ್ಮಾ ಕು ಆಯ್ನಾ ದೇ ರೇ ಅಂತ ಮಗನಿಗೆ ಹೇಳಿ, ಇವಳ ಕಡೆ ತಿರುಗಿ, ಕನ್ನಡಿ ನೋಡಿ ತಗೊಳ್ಳಿ ಅಮ್ಮಾ, ನೀವು ಸೈಕಲ್ನಿಂದ ಇಳ್ದಿದ್ದು ನಾನು ನೋಡ್ದೆ, ಬ್ರೇಕು ಹಾಕಿ ಎಷ್ಟು ಚಂದ ಇಳಿದ್ರಿ ಅಂದರು. ನಾಚಿಕೆ ಎಲ್ಲಿಗೆ ಹೋಯಿತೋ, ಇವಳಿಗೂ ನಗು, ಮೂವರೂ ನಕ್ಕರು, ನನಗೇ ಕಣಪ್ಪಾ ಅಂದಳು, ನನಗೇ, ಸೈಕಲ್ ತುಳಿಯೋಕೆ, ಈ ಕಣ್ಣು ಆಪರೇಷನ್ ಆಗಿದೆ, ಗಾಳಿಗೆ ನೀರು ಬರತ್ತೆ, ನಾಳೆ ಒಳಗೆ ಆಗ್ಬೇಕು — ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು, ಕರೀಂ ಬರುವುದನ್ನೂ.

ಹಂಗಾದ್ರೆ ಇದು ಬೇಡ, ಇದೂ ಬೇಡ, ಅಂತ ಅವನು ಗಾಜಿನ ಮೇಲೆ ಹರಡಿದ್ದ ಅರ್ಧವನ್ನು ಒಳಗೆ ಎತ್ತಿಟ್ಟ, ಈಗ ಅವನ ದನಿಯೇ ಬೇರೆ, ವೈದ್ಯರ ಹಾಗೆ, ಆಸ್ಪತ್ರೆಯವರು ಕೊಟ್ಟ ಕರೀದು ಇದ್ಯಲ್ಲಾ, ಪಕ್ಕ ಎಲ್ಲಾ ಮುಚ್ಚಿರೋದು, ಅದನ್ನ ಹಾಕ್ಕೊಂಡು ಸೈಕಲ್ ಏರ್ಬೇಡಿ, ಸೈಡಿಂದ ಗಾಡಿ ಬರೋದು ಕಾಣಲ್ಲ, ತುಂಬಾ ಕಪ್ಪೂ ಬೇಡ, ಬಿಸಿಲಿಂದ ಮರದ ನೆರಳಿಗೆ ನುಗ್ಗಿದ್ರೆ ಗುಂಡಿ ಕಾಣಲ್ಲ, ಹಸಿರು ಚೆಂದ, ಆದ್ರೆ ಸಿಗ್ನಲ್ ಕೆಂಪು ಮಂಕಾಗತ್ತೆ. ಗಾಜಿನದು ಭಾರ, ಬೆವರಿಗೆ ಜಾರುತ್ತದೆ, ಹಾಕಿ ತಲೆ ಬಗ್ಗಿಸಿದಾಗ ಅವಳ ಕೈಗೇ ಬಂದು ಬಿತ್ತು. ನೀಲಿಯದರಲ್ಲಿ ಶರ್ಫುನ್ನೀಸಾ ಬೆಳದಿಂಗಳಲ್ಲಿ ಕೂತ ಹಾಗಿದ್ದರು. ದೊಡ್ಡದೊಂದು, ಕೆನ್ನೆಯವರೆಗೂ ಬರುವುದು, ಕನ್ನಡಿಯಲ್ಲಿ ನೋಡಿದರೆ ನೊಣ, ಅಯ್ಯೋ ತೆಗಿಯಪ್ಪಾ. ಕೊನೆಗೆ ಕಂದು ಬಣ್ಣದ್ದು, ಪ್ಲಾಸ್ಟಿಕ್ಕು, ಹಗುರ, ಮುಖಕ್ಕೆ ಬಳಸಿಕೊಂಡು ಕಿವಿಯ ಕಡೆಗೆ ಬಾಗಿದ್ದು, ಕಡ್ಡಿಯ ತುದಿಗೆ ರಬ್ಬರು, ಹಾಕಿದಳು, ತಲೆ ಬಗ್ಗಿಸಿ ಅಂದ, ಬಗ್ಗಿಸಿದಳು, ಅಲ್ಲಾಡ್ಸಿ ಅಂದ, ಬೇಡ ಬೇಡ ಅನ್ನುವ ಹಾಗೆ ಅಲ್ಲಾಡಿಸಿದಳು, ನಿಂತಿತು, ಮೂಗುಬೊಟ್ಟಿಗೂ ಅದಕ್ಕೂ ನಡುವೆ ಒಂದು ಅಕ್ಕಿಕಾಳಿನಷ್ಟು ಜಾಗ. ಒಳಗೆ ನಿಂತು ನೋಡಿದ್ರೆ ಏನ್ ಗೊತ್ತಾಗತ್ತೆ, ಹೊರಗೆ ಬನ್ನಿ ಅಂತ ಅವನೇ ಬಾಗಿಲು ತೆರೆದ, ಮಾರ್ಚ್ ತಿಂಗಳ ಹನ್ನೊಂದು ಗಂಟೆಯ ಬಿಸಿಲು ಚುಚ್ಚಲಿಲ್ಲ, ಅವಳು ಕಣ್ಣು ಕಿರಿದು ಮಾಡಲು ಸಿದ್ಧವಾಗಿ ನಿಂತಿದ್ದಳು, ಬೇಕಾಗಲಿಲ್ಲ, ಕಿತ್ತಳೆಹಣ್ಣು ಕಿತ್ತಳೆಯಾಗಿಯೇ ಇತ್ತು, ಇನ್ನಷ್ಟು ಹಣ್ಣಾದ ಹಾಗೆ, ಒಂದ್ ರೌಂಡ್ ಹೋಗಿ ಬರ್ಲೇನಪ್ಪಾ ಅಂತ ಕೇಳಿದ್ದು ಅವಳೇನಾ, ಹೋಗ್ಬನ್ನಿ ಅಮ್ಮಾ, ಚರ್ಚ್‌ವರ್ಗೂ ಹೋಗಿ ತಿರುಗಿಸ್ಕೊಂಡ್ ಬನ್ನಿ.

ಬೀಗ ತೆಗೆದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಹತ್ತಿದಳು. ಎಡಕ್ಕೆ ಕೋಳಿ ಪಂಜರ, ಬಲಕ್ಕೆ ತಳ್ಳುಗಾಡಿ, ಮುಂದೆ ಮೂಟೆ ಹೊತ್ತವನು, ಬೆಲ್ಲು ಒತ್ತಿದಳು, ಅವನು ಸರಿದ — ದಾರಿ ಕೊಟ್ಟ, ಅವಳಿಗೆ, ಈ ಮಾರ್ಕೆಟ್ಟಿನಲ್ಲಿ — ಯಾರೋ ಪಾಟಿ ಸೂಪರ್ ಅಂತ ತಮಿಳಿನಲ್ಲಿ ಕೂಗಿದರು, ಅಜ್ಜಿಯಂತೆ, ಇನ್ನೊಬ್ಬ ಶಿಳ್ಳೆ ಹಾಕಿದ, ಹಾಕಿಕೊಳ್ಳಲಿ, ಗಾಳಿ ಹಣೆಗೆ ಬಡಿಯುತ್ತಿದೆ, ಕೆನ್ನೆಗೆ ಬಡಿಯುತ್ತಿದೆ, ಕಣ್ಣಿಗಿಲ್ಲ, ಕಣ್ಣು ಒಣಗಿದೆ, ಆಟೋ ಎಬ್ಬಿಸಿದ ಧೂಳೊಳಗೆ ಕಣ್ಣು ಬಿಟ್ಟುಕೊಂಡೇ ನುಗ್ಗಿದಳು, ಧೂಳೊಳಗೆ ಕಣ್ಣು ಬಿಡಬಹುದು ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಮರಳಿ ಬಂದಾಗ ಶರ್ಫುನ್ನೀಸಾ ಬಾಗಿಲಲ್ಲೇ ನಿಂತಿದ್ದರು, ಹೇಗಿದೆ ಅಂತ ಕೇಳಲಿಲ್ಲ, ಮುಖ ನೋಡಿ, ಇದೇ ಅಂದರು ಮಗನಿಗೆ. ದುಡ್ಡು ಕೊಟ್ಟು, ಡಬ್ಬಿಯನ್ನು ಸೈಕಲ್ಲಿನ ಬುಟ್ಟಿಗೆ ಹಾಕಿ, ಕನ್ನಡಕವನ್ನು ಮುಖದ ಮೇಲೇ ಇಟ್ಟುಕೊಂಡು ಹೊರಟಳು. ಬಂದ ದಾರಿಯಲ್ಲಿ ಹೋಗಲು ಮನಸ್ಸಾಗಲಿಲ್ಲ, ಹಲಸೂರು ಕೆರೆ ಬಳಸಿಕೊಂಡು ಹೋದರೆ ಸುತ್ತು, ಇರಲಿ ಸುತ್ತು, ನೀರಿನ ಮೇಲೆ ಬಿಸಿಲು ಹಾಸಿಕೊಂಡಿತ್ತು, ಮೊದಲಾಗಿದ್ದರೆ ಆ ಹೊಳಪಿಗೆ ತಲೆ ತಿರುಗಿಸಿಕೊಳ್ಳುತ್ತಿದ್ದಳು, ಈಗ ನೋಡಿದಳು, ಬೇಕಾದಷ್ಟು ಹೊತ್ತು ನೋಡಿದಳು, ಸಾಲುಮರದ ನೆರಳಿಗೆ ಬಂದಾಗ ಗುಂಡಿ ಕಂಡಿತು, ತಪ್ಪಿಸಿದಳು, ವಾಜಿದ್ ಹೇಳಿದ್ದು ನಿಜ, ಯಜಮಾನರಿಗೆ ಏನು ಹೇಳುವುದು, ಲಾರಿ ತಡೆಯುತ್ತಾ ಅಂದರೆ ಲಾರಿ ಕಾಣುತ್ತೆ ಅನ್ನಬೇಕು, ಕಂಡರೆ ನಾನು ಪಕ್ಕಕ್ಕೆ ಹೋಗಲ್ಲವೇ ಅನ್ನಬೇಕು, ಗಟ್ಟಿಯಾಗಿ ಅನ್ನಬೇಕು, ಅಳಬಾರದು, ಅತ್ತರೆ ನೋಡು ಕಣ್ಣಲ್ಲಿ ನೀರು ಅಂತಾರೆ — ಲಿಂಗರಾಜಪುರದ ಏರಿನಲ್ಲಿ ಇಳಿದು ತಳ್ಳಿದಳು, ಉಸಿರು ಹತ್ತಿತ್ತು, ಅನ್ನಬೇಕಾದ ಮಾತುಗಳೆಲ್ಲ ಅಲ್ಲೇ ಉದುರಿಹೋದವು.

ಸ್ಕೂಟರು ಗೇಟಿನ ಮುಂದೆಯೇ ಇತ್ತು. ಕಚೇರಿಯಲ್ಲಿ ಸಾಹೇಬರು ಸಿಗಲಿಲ್ಲವೋ ಏನೋ ಬೇಗ ಬಂದುಬಿಟ್ಟಿದ್ದಾರೆ, ದೊಡ್ಡಮುನಿಯಪ್ಪ ಗೇಟಿನ ಹೊರಗೆ, ಬರಿಗಾಲಲ್ಲಿ, ಬಿಸಿಲಲ್ಲಿ ನಿಂತಿದ್ದಾರೆ, ಪಕ್ಕದಲ್ಲಿ ಭೀಮಬಾಯಿ, ಇವತ್ತು ಕೆಲಸಕ್ಕೆ ಹೋಗಿರಲಿಲ್ಲ, ನೋಡ್ರಿ ಅಪ್ಪಾರ, ಬಂದ್ರು ನೋಡ್ರಿ, ನಾ ಹೇಳಿದ್ನಿಲ್ಲೇನ್ರಿ ಅನ್ನುತ್ತಿದ್ದಾಳೆ, ಅವರು ಅವಳ ಕಡೆ ನೋಡುತ್ತಿಲ್ಲ, ರಸ್ತೆಯನ್ನೇ ನೋಡುತ್ತಿದ್ದಾರೆ, ರಾಮಲಕ್ಷ್ಮಮ್ಮ ಬ್ರೇಕು ಒತ್ತಿ, ಕಾಲೂರಿ, ಇಳಿದು ನಿಂತಳು, ಎಲ್ ಹೋಗಿದ್ದೆ ಅಂತ ಶುರುವಾಯಿತು, ಎಲ್ ಹೋಗಿದ್ದೆ ಲಕ್ಷ್ಮಮ್ಮಾ, ಒಂದ್ ಗಂಟೆ ಹೊತ್ತಿಂದ ಇಲ್ಲೇ ನಿಂತಿದ್ದೀನಿ, ಹೇಳಿ ಹೋಗ್ಬಾರ್ದಾ, ಶಿವಾಜಿನಗರಕ್ಕೆ ಅಂದಳು, ಶಿವಾಜಿನಗರಕ್ಕಾ, ಇದರಲ್ಲಾ, ದನಿ ಏರಿತು, ಆ ಟ್ರಾಫಿಕ್ಕಲ್ಲಿ, ಆ ಕಣ್ಣು ಇಟ್ಕೊಂಡು, ಅನ್ನುತ್ತ ಅವರು ಹತ್ತಿರ ಬಂದರು, ಇನ್ನೂ ಹತ್ತಿರ, ಬೈಯುವುದಕ್ಕೆ ಮೊದಲು ಕಣ್ಣು ನೋಡಬೇಕಲ್ಲ, ನೀರು ಇದೆಯೋ, ಕೆಂಪಾಗಿದೆಯೋ, ಕಣ್ಣು ಕಾಣಲಿಲ್ಲ, ಕಂದು ಕನ್ನಡಕ, ಮುಖವನ್ನು ಬಗ್ಗಿಸಿ ಅದರೊಳಗೆ ಇಣುಕಿದರು. ಅವಳಿಗೆ ಅವರು ಕಾಣುತ್ತಿದ್ದರು, ಅವರಿಗೆ ಅವಳು ಕಾಣುತ್ತಿರಲಿಲ್ಲ, ಅವರಿಗೆ ಅವರೇ ಕಾಣುತ್ತಿದ್ದರು, ಬಲಗೈ ತಾನಾಗಿ ಮೇಲೆದ್ದಿತು, ಗಾಳಿಗೆ ಎದ್ದಿದ್ದ ತಲೆಗೂದಲನ್ನು ಅಂಗೈಯಿಂದ ಹಿಂದಕ್ಕೆ ಸವರಿತು, ಒಂದು ಸಲ, ಸಾಲದೆ ಇನ್ನೊಂದು ಸಲ, ಆಮೇಲೆ ಮುಖವನ್ನು ಸ್ವಲ್ಪ ಓರೆ ಮಾಡಿ ಆ ಕಡೆಯ ಕೆನ್ನೆ, ಮೀಸೆಯ ತುದಿ. ಅವರು ಚೆನ್ನಾಗಿ ನೋಡಿಕೊಳ್ಳಲಿ ಅಂತ ಅವಳು ಉಸಿರು ಬಿಗಿಹಿಡಿದು ಅಲುಗದೆ ನಿಂತಳು. ಭೀಮಬಾಯಿ ಆ ಕಡೆ ತಿರುಗಿ ಕೆಮ್ಮಿದಳು.

ನೀರು ಬಂತಾ ಕಣ್ಣಲ್ಲಿ, ಅವರು ಕೊನೆಗೆ ಕೇಳಿದರು, ಇಲ್ಲ, ಒಂದ್ ಹನೀನೂ ಇಲ್ಲ, ಬೇಕಾದ್ರೆ ನೋಡಿ ಅಂತ ಕನ್ನಡಕ ಎತ್ತಿ ತೋರಿಸಿದಳು, ಅವರು ನೋಡಿದರು, ಬಲಗಣ್ಣು, ಎಡಗಣ್ಣು, ಮತ್ತೆ ಬಲಗಣ್ಣು, ಹೂಂ ಅಂದರು, ಅವಳ ಕೈಯಿಂದ ಹ್ಯಾಂಡಲ್ಲು ತೆಗೆದುಕೊಂಡು ತಾವೇ ಸೈಕಲ್ಲನ್ನು ಗೇಟಿನ ಒಳಗೆ ತಳ್ಳಿದರು, ಜಗಲಿಯ ನೆರಳಿಗೆ ನಿಲ್ಲಿಸಿದರು, ಚೈನಿಗೆ ಎಣ್ಣೆ ಬೇಕು ಇದಕ್ಕೆ, ಕರೀಂಗೆ ಬರ್ಬೇಡ ಅಂತ ಫೋನ್ ಮಾಡ್ತೀನಿ ಅಂದರು, ಗೋಡೆಗೆ ಹೇಳಿದ ಹಾಗೆ, ಮುಂದಿನ್ಸಲ ಹೇಳಿ ಹೋಗು. ಅವಳು ಒಳಗೆ ಬಂದಳು, ಬಿಂದಿಗೆಯ ನೀರು ಬಗ್ಗಿಸಿಕೊಂಡು ಕುಡಿದಳು, ತಣ್ಣಗೆ ಎದೆಯವರೆಗೆ ಇಳಿಯಿತು, ಕಾಲು ನಾಳೆ ನೋಯುತ್ತದೆ, ನೋಯಲಿ, ಆ ಕೈ ಮೇಲೆದ್ದದ್ದು, ಮಧ್ಯಾಹ್ನಕ್ಕೆ ಸಾರು ಬಿಸಿ ಮಾಡಬೇಕು, ಅಕ್ಕಿ ತೊಳೆಯಬೇಕು, ಅಕ್ಕಿಯೊಳಗೆ ಬೆರಳಾಡಿಸಿದಳು, ಬೈಯುತ್ತ ಬೈಯುತ್ತ ಆ ಕೈ, ಅಂಗೈಯಿಂದ ಹಿಂದಕ್ಕೆ, ಮೂವತ್ತೈದು ವರ್ಷದಲ್ಲಿ ಆ ಮನುಷ್ಯ ಕನ್ನಡಿ ಮುಂದೆ ನಿಂತದ್ದನ್ನೇ ಕಂಡವಳಲ್ಲ, ಶನಿವಾರ, ಶ್ರೀನಿವಾಸ ಊಟಕ್ಕೆ ಬರುತ್ತಾನೋ ಇಲ್ಲವೋ, ಒಂದು ಪಾವು ಹೆಚ್ಚಿಗೆ ಹಾಕೋಣ, ನೀರು ಬೆಳ್ಳಗಾಯಿತು, ಬಸಿದಳು, ಇನ್ನೊಮ್ಮೆ ತುಂಬಿದಳು, ಬಿಸಿಲಲ್ಲಿ ಬರಿಗಾಲಲ್ಲಿ ನಿಂತು, ಒಂದು ಸಲ, ಸಾಲದೆ ಇನ್ನೊಂದು ಸಲ, ಆ ಕೈ —